ಒಡೆದ ಮನೆಯ ಕಾಂಕ್ರೀಟ್ ಡಾಂಬರಿಗೆ ಹಾಕಬಹುದಾ? ಚಿಕ್ಕಬಳ್ಳಾಪುರದ ಕಡೆಯವರು ಹೇಳಿ

ಕೆಂಪುನೆಲ, ಚಿಕ್ಕಬಳ್ಳಾಪುರ

ರಸ್ತೆ ಅಗಲ ಮಾಡುವಾಗ ನಮ್ಮ ಮನೆಯ ಮುಂದಿನ ಹನ್ನೆರಡು ಅಡಿ ಹೋಯಿತು. ಪರಿಹಾರ, ಅಳತೆ, ಆ ಮಾತೆಲ್ಲ ಇಲ್ಲಿ ಬೇಡ. ನಾನು ಕೇಳುತ್ತಿರುವುದು ಬೇರೆ.

ಜೆಸಿಬಿ ಎರಡೇ ಗಂಟೆಯಲ್ಲಿ ಹಜಾರ, ಜಗಲಿ, ಅಪ್ಪ ಕೂರುತ್ತಿದ್ದ ಕಟ್ಟೆ ಎಲ್ಲ ಎಳೆದು ಹಾಕಿತು. ಕಂಬಿಯನ್ನು ಗುಜರಿಯವರು ಕಿತ್ತುಕೊಂಡರು. ಉಳಿದದ್ದನ್ನು ಟಿಪ್ಪರ್‌ಗೆ ತುಂಬಿದರು. ಎಲ್ಲಿಗೆ ಅಂತ ಕೇಳಿದೆ. 'ಎಲ್ಲೋ ತಗ್ಗು ತುಂಬಿಸೋಕೆ' ಅಂದರು. ನಾಲ್ಕು ದಿನ ಬಿಟ್ಟು ವಾಕಿಂಗ್ ಹೋದಾಗ ಊರ ಹೊರಗಿನ ಕೆರೆ ಅಂಚಿನಲ್ಲಿ ಹೊಸ ರಾಶಿ ಕಂಡಿತು. ಮೇಲೇ ಒಂದು ರೆಡ್ ಆಕ್ಸೈಡ್ ತುಂಡು. ಅಂಚಿಗೆ ಎರಡು ಬೆರಳಿನಷ್ಟು ಕಪ್ಪು ಪಟ್ಟಿ ಇತ್ತು. ಅಮ್ಮ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜುತ್ತಿದ್ದ ನಮ್ಮ ಹಜಾರದ ನೆಲ ಅದು. ತುಂಡನ್ನು ಮನೆಗೆ ತಂದು ಇಟ್ಟುಕೊಂಡಿದ್ದೇನೆ.

ಅದೇ ವಾರ ರಸ್ತೆಗೆ ಕ್ರಷರ್‌ನಿಂದ ಜಲ್ಲಿ ಬರುತ್ತಿತ್ತು, ದಿನಕ್ಕೆ ಎಷ್ಟೋ ಲೋಡ್. ಗುಡ್ಡ ಒಡೆದ ಕಲ್ಲು ರಸ್ತೆಗೆ, ಒಡೆದ ಮನೆ ಕೆರೆಗೆ. ಇದನ್ನು ನೋಡಿ ನಿದ್ದೆ ಬರಲಿಲ್ಲ. ಹಳೆ ಕಾಂಕ್ರೀಟನ್ನೇ ಪುಡಿ ಮಾಡಿ ಡಾಂಬರಿಗೆ ಬೆರೆಸಿದರೆ ಆಗಲ್ವಾ? ಕೇಳಿದರೆ ಸೈಟಿನಲ್ಲಿ ಒಬ್ಬರು 'ರಸ್ತೆ ಹಾಳಾಗುತ್ತೆ ಬಿಡಿ' ಅಂದರು. ಯಾಕೆ ಅಂತ ಹೇಳಲಿಲ್ಲ. ಗೊತ್ತಿದ್ದವರು ಹೇಳಿ.

ರೋಲರ್ ಪಕ್ಕ, ಗೌರಿಬಿದನೂರು

ಓದಿ ಬೇಜಾರಾಯಿತು. ಹದಿನೈದು ವರ್ಷದಿಂದ ರಸ್ತೆ ಕೆಲಸದಲ್ಲಿ ಇದ್ದೇನೆ, ಗೊತ್ತಿದ್ದಷ್ಟು ಹೇಳುತ್ತೇನೆ.

ಹಾಕಬಹುದು. ಬೇರೆ ದೇಶಗಳಲ್ಲಿ ಹಾಕಿ ನೋಡಿದ್ದಾರೆ, ನಮ್ಮಲ್ಲೂ ಲ್ಯಾಬುಗಳಲ್ಲಿ ಮಾಡಿದ್ದಾರೆ. ಆದರೆ ಒಡೆದ ಕಾಂಕ್ರೀಟ್ ಅಂದರೆ ಬರೀ ಕಲ್ಲಲ್ಲ. ಒಳಗೆ ಒಳ್ಳೆ ಗ್ರಾನೈಟ್ ಜಲ್ಲಿ ಇರುತ್ತದೆ, ಸುತ್ತ ಹಳೆ ಗಾರೆ ಅಂಟಿಕೊಂಡಿರುತ್ತದೆ. ತೊಂದರೆ ಎಲ್ಲ ಆ ಗಾರೆಯದ್ದೇ. ಅದರಲ್ಲಿ ಸಣ್ಣ ಸಣ್ಣ ತೂತುಗಳಿವೆ. ನೀರು ಕುಡಿಯುತ್ತದೆ. ಡಾಂಬರನ್ನೂ ಕುಡಿಯುತ್ತದೆ.

ಕಲ್ಲಿನ ಮೇಲೆ ಪೊರೆಯಾಗಿ ನಿಂತು ಒಂದಕ್ಕೊಂದು ಹಿಡಿಸಬೇಕಾದ ಡಾಂಬರು ಗಾರೆಯೊಳಗೆ ಇಳಿದುಹೋದರೆ ಮಿಕ್ಸ್ ಒಣಗಿದ ಹಾಗೆ ಕಾಣುತ್ತದೆ. ಹೊಳಪೇ ಇರಲ್ಲ. ಅದಕ್ಕೆ ಡಾಂಬರು ಜಾಸ್ತಿ ಹಾಕಬೇಕು. ರಸ್ತೆ ಕೆಲಸದಲ್ಲಿ ಎಲ್ಲಕ್ಕಿಂತ ದುಬಾರಿ ಅದೇ. 100 ಟನ್ ಮಿಕ್ಸ್‌ನಲ್ಲಿ 30 ಟನ್ ಕಾಂಕ್ರೀಟ್ ಜಲ್ಲಿ ಹಾಕಿದಿರಿ ಅಂತ ಇಟ್ಟುಕೊಳ್ಳಿ. ಅದಕ್ಕಾಗಿ ಅರ್ಧ ಪರ್ಸೆಂಟ್ ಡಾಂಬರು ಹೆಚ್ಚು ಬೇಕಾದರೆ ಅರ್ಧ ಟನ್ ಆಯಿತು. ನಿಮ್ಮೂರ ರೇಟು ಹಾಕಿ ಲೆಕ್ಕ ಮಾಡಿ. 30 ಟನ್ ಜಲ್ಲಿಯಲ್ಲಿ ಉಳಿದದ್ದು ಅಲ್ಲಿಗೇ ಹೋಗಿರುತ್ತದೆ.

ಹಾಟ್‌ಮಿಕ್ಸ್, ಚಿಂತಾಮಣಿ

ಪ್ಲಾಂಟ್ ಕಡೆಯಿಂದ ಒಂದು ಮಾತು. ಜಲ್ಲಿಯನ್ನು ಡ್ರಮ್ಮಿನಲ್ಲಿ ಕಾಯಿಸಿ, ಒಣಗಿಸಿ, ಆಮೇಲೆ ಡಾಂಬರು ಬಿಡುತ್ತೇವೆ. ವಿಜಿ 30 ಅನ್ನುವ ದರ್ಜೆಯ ಡಾಂಬರಿಗೆ ಮಿಕ್ಸ್ ಬಿಸಿ 150ರಿಂದ 165 ಡಿಗ್ರಿ ಇರಬೇಕು. ಗ್ರಾನೈಟ್ ಮೇಲಿನ ನೀರು ಬೇಗ ಆರುತ್ತದೆ. ಗಾರೆಯೊಳಗಿನ ನೀರು ಹಾಗೆ ಬಿಡಲ್ಲ. ಮಳೆ ಬಿದ್ದ ಮರುದಿನವಂತೂ ಡೀಸೆಲ್ ನೋಡೋಕಾಗಲ್ಲ. ಒಳಗೆ ತೇವ ಉಳಿದರೆ ಡಾಂಬರು ಹಿಡಿಯುವುದೇ ಇಲ್ಲ. ಇಂಥ ಜಲ್ಲಿಗೆ ಮೊದಲು ಶೆಡ್ ಬೇಕು, ಮಿಕ್ಸ್ ಮಾತು ಆಮೇಲೆ.

ಲ್ಯಾಬ್ ಬೆಂಚು, ಬಾಗೇಪಲ್ಲಿ

ಕೆಂಪುನೆಲ ಅವರೇ, ನಾನು ಕ್ವಾಲಿಟಿ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಮನೆಯಲ್ಲೇ ಸಿಗುತ್ತದೆ.

ರಾಶಿಯಿಂದ ಕಾಂಕ್ರೀಟ್ ತುಂಡು ತಂದು ಸುತ್ತಿಗೆಯಲ್ಲಿ ಮುಕ್ಕಾಲು ಇಂಚಿಗೆ ಒಡೆಯಿರಿ. ಹೊಸ ಕ್ರಷರ್ ಜಲ್ಲಿಯೂ ಅಷ್ಟೇ ಗಾತ್ರದ್ದು ಇರಲಿ. ಎರಡನ್ನೂ ತೊಳೆದು ಚೆನ್ನಾಗಿ ಒಣಗಿಸಿ. ಲ್ಯಾಬಿನಲ್ಲಿ ನಾವು 110 ಡಿಗ್ರಿ ಓವನ್‌ನಲ್ಲಿ ಇಡುತ್ತೇವೆ, ನೀವು ಎರಡು ದಿನ ಬಿಸಿಲಿಗೆ ಹಾಕಿ. ಒಂದೊಂದು ಕೆಜಿ ತೂಗಿ, ಬೇರೆ ಬೇರೆ ಬಕೆಟ್‌ನಲ್ಲಿ 24 ಗಂಟೆ ನೆನೆಸಿ. ಆಮೇಲೆ ಹಳೆ ಪಂಚೆಯಲ್ಲಿ ಮೇಲಿನ ನೀರು ಮಾತ್ರ ಒರೆಸಿ ಮತ್ತೆ ತೂಗಿ. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಎಷ್ಟು ಗ್ರಾಂ ಏರಿತು ಅಂತ ಇಲ್ಲಿ ಬರೆಯಿರಿ, ಮುಂದಿನದ್ದು ಮಾತಾಡೋಣ.

ಹಿಪ್ಪುನೇರಳೆ ತೋಟ, ಶಿಡ್ಲಘಟ್ಟ

ನನಗೆ ಡಾಂಬರಿನ ಲೆಕ್ಕ ಗೊತ್ತಿಲ್ಲ. ಕಲ್ಲಿನ ಲೆಕ್ಕ ಗೊತ್ತು.

ನಮ್ಮ ತೋಟದಿಂದ ಸ್ವಲ್ಪ ದೂರದಲ್ಲೇ ಕ್ರಷರ್ ಇದೆ. ಗಾಳಿ ಈ ಕಡೆ ತಿರುಗಿದರೆ ಸೊಪ್ಪಿನ ಮೇಲೆ ಹಿಟ್ಟು ಉದುರಿಸಿದ ಹಾಗೆ ಧೂಳು. ಎಲೆ ಮೇಲೆ ಬೆರಳಿಟ್ಟು ಎಳೆದರೆ ಗೆರೆ ಬೀಳುತ್ತದೆ. ಆ ಸೊಪ್ಪು ಹಾಕಿದರೆ ರೇಷ್ಮೆ ಹುಳು ಸರಿಯಾಗಿ ತಿನ್ನಲ್ಲ. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಹುಳು ಹಸಿದು ತಲೆ ಎತ್ತಿಕೊಂಡು ಕೂತಿರುತ್ತದೆ, ನಾವು ಸೊಪ್ಪು ತೊಳೆದು ನೀರು ಆರಿಸುತ್ತಾ ಕೂತಿರುತ್ತೇವೆ. ಒದ್ದೆ ಸೊಪ್ಪು ಹಾಕುವಂತಿಲ್ಲ, ಧೂಳಿನ ಸೊಪ್ಪೂ ಹಾಕುವಂತಿಲ್ಲ. ಒಂದು ಬೆಳೆ ಹಾಗೇ ಕೈಬಿಟ್ಟು ಹೋಯಿತು.

2021ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಕ್ವಾರಿಯ ಜಿಲೆಟಿನ್ (ಬಂಡೆ ಸಿಡಿಸುವ ಮದ್ದು) ಸಿಡಿದು 6 ಜನ ಸತ್ತರು. ಜಲ್ಲಿ ಲೋಡ್ ನೋಡಿದಾಗೆಲ್ಲ ನನಗೆ ಅದು ನೆನಪಾಗುತ್ತದೆ. ಹತ್ತು ಲೋಡಿನಲ್ಲಿ ಒಂದು ಲೋಡ್ ಕಮ್ಮಿಯಾದರೂ ನಮ್ಮಂಥವರಿಗೆ ದೊಡ್ಡದು. ಡಾಂಬರಿಗೆ ಆಗಲ್ಲ ಅಂದರೆ ಬೇರೆ ಎಲ್ಲಿಗೆ ಆಗುತ್ತದೆ ಅಂತಾದರೂ ಹೇಳಿ.

ಲೇಔಟ್ ನಿವಾಸಿ, ಚಿಕ್ಕಬಳ್ಳಾಪುರ

ಕ್ಷಮಿಸಿ, ನಾನು ಒಪ್ಪಲ್ಲ. ನಮ್ಮ ಲೇಔಟ್‌ನಲ್ಲಿ ಇದನ್ನೇ ಮಾಡಿದರು. ಹಳೆ ಮನೆ ಒಡೆದದ್ದನ್ನು ತಂದು ರಸ್ತೆ ಅಡಿಗೆ ಸುರಿದು, ಮೇಲೆ ಒಂದಿಷ್ಟು ವೆಟ್ ಮಿಕ್ಸ್ (ನೀರು ಬೆರೆಸಿದ ಜಲ್ಲಿ) ಹಾಕಿ, ಡಾಂಬರು ಬಳಿದು ಹೋದರು. ಮೊದಲ ಮಳೆಗಾಲ ದಾಟಲಿಲ್ಲ. ಒಂದು ಕಡೆ ಕುಸಿದು ಮೊಣಕಾಲುದ್ದ ಗುಂಡಿ ಬಿತ್ತು. ಪಕ್ಕದ ಮನೆಯ ಅಜ್ಜಿ ಸ್ಕೂಟರ್‌ನಿಂದ ಬಿದ್ದು ಮೂರು ತಿಂಗಳು ಮಲಗಿದರು. ಗುಂಡಿಯೊಳಗೆ ಏನಿತ್ತು ಗೊತ್ತಾ? ಇಟ್ಟಿಗೆ ಚೂರು, ಪ್ಲಾಸ್ಟಿಕ್ ಪೈಪು, ಬಾತ್‌ರೂಮ್ ಟೈಲ್ಸ್, ಒಂದು ಚಪ್ಪಲಿ. ಪರಿಸರದ ಹೆಸರಲ್ಲಿ ಕಸ ಹೂಳುವುದು ಬೇಡ. ಹೊಸ ಜಲ್ಲಿ ಹಾಕಲಿ, ಸರಿಯಾಗಿ ಹಾಕಲಿ.

ರೋಲರ್ ಪಕ್ಕ, ಗೌರಿಬಿದನೂರು

ನಿಮ್ಮ ಸಿಟ್ಟು ನ್ಯಾಯವೇ. ಆದರೆ ನಿಮ್ಮ ರಸ್ತೆ ಅಡಿ ಹಾಕಿದ್ದು ಕಾಂಕ್ರೀಟ್ ಅಲ್ಲ, ಕಸ. ಈ ವ್ಯತ್ಯಾಸ ದಯವಿಟ್ಟು ಎಲ್ಲರೂ ಹಿಡಿದುಕೊಳ್ಳಿ. ಇಟ್ಟಿಗೆ ನೆನೆದು ಭಾರ ಬಿದ್ದರೆ ಪುಡಿಯಾಗುತ್ತದೆ. ಮಣ್ಣು ನೀರು ಹಿಡಿದು ಮೆತ್ತಗಾಗುತ್ತದೆ. ಫಾಲ್ಸ್ ಸೀಲಿಂಗ್‌ನ ಪಿಒಪಿ, ಜಿಪ್ಸಂ ಬೋರ್ಡ್ ಬೆರೆತರೆ ಇನ್ನೂ ಕೆಟ್ಟದ್ದು. ಅದರಲ್ಲಿರುವ ಸಲ್ಫೇಟ್ ತೇವಕ್ಕೆ ಸಿಮೆಂಟಿನ ಜತೆ ಸೇರಿ ಉಬ್ಬುತ್ತದೆ.

ಬರೀ ಕಾಂಕ್ರೀಟ್ ಆದರೆ ಕಥೆಯೇ ಬೇರೆ. ಒಡೆದ ಸ್ಲ್ಯಾಬು, ಬೀಮು, ಹಳೆ ಸಿಮೆಂಟ್ ರಸ್ತೆ, ಮುರಿದ ಲೈಟ್ ಕಂಬ, ಮೋರಿ ಪೈಪು. ಕಾಂಕ್ರೀಟ್ ಕಲಸುವ ಬ್ಯಾಚಿಂಗ್ ಪ್ಲಾಂಟ್ ಹಿಂದೆ ಹೋಗಿ ನೋಡಿ, ಪರೀಕ್ಷೆ ಮಾಡಿ ಒಡೆದ ಕ್ಯೂಬ್‌ಗಳು ಗುಡ್ಡೆ ಬಿದ್ದಿರುತ್ತವೆ. 150 ಮಿಲಿಮೀಟರ್ ಚೌಕದವು, ಯಾವ ಗ್ರೇಡ್ ಅಂತ ಮೇಲೇ ಬರೆದಿರುತ್ತದೆ. ಅದಕ್ಕಿಂತ ಚೊಕ್ಕ ಮಾಲು ಇನ್ನೆಲ್ಲಿ ಸಿಗುತ್ತೆ?

ಶಿಡ್ಲಘಟ್ಟದ ಅಣ್ಣ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಾವೆಲ್ಲ ಡಾಂಬರು, ಡಾಂಬರು ಅಂತ ಮೇಲಿನ ಪದರವನ್ನೇ ನೋಡುತ್ತಿದ್ದೇವೆ. ಒಂದು ಹಳ್ಳಿ ರಸ್ತೆ ತೆಗೆದುಕೊಳ್ಳಿ, 3.75 ಮೀಟರ್ ಅಗಲ, ಒಂದು ಕಿಲೋಮೀಟರ್ ಉದ್ದ. ಮೇಲೆ 20 ಮಿಲಿಮೀಟರ್ ಡಾಂಬರು ಕಾರ್ಪೆಟ್. ಲೆಕ್ಕ ಹಾಕಿದರೆ 75 ಘನ ಮೀಟರ್. ಅಡಿಯಲ್ಲಿ ಜಿಎಸ್‌ಬಿ ಪದರ (ಮಣ್ಣಿನ ಮೇಲೆ ಮೊದಲು ಹಾಸುವ ಜಲ್ಲಿ) 150 ಮಿಲಿಮೀಟರ್ ಹಾಕಿದರೆ 562 ಘನ ಮೀಟರ್, ಏಳು ಪಟ್ಟಿಗೂ ಜಾಸ್ತಿ. ಡಾಂಬರಿನಲ್ಲಿ ಹತ್ತು ಪರ್ಸೆಂಟ್ ಬೆರೆಸಲು ನಾವು ಜಗಳ ಆಡುತ್ತಿದ್ದೇವೆ. ಅಡಿಯ ಪದರ ಊರಿನ ಕಾಂಕ್ರೀಟನ್ನೆಲ್ಲ ನುಂಗುತ್ತದೆ.

ಇನ್ನೊಂದು ಲೆಕ್ಕ. 20 ಅಡಿ, 30 ಅಡಿ ಮನೆಯ ಐದು ಇಂಚಿನ ಸ್ಲ್ಯಾಬು ಸುಮಾರು 17 ಟನ್ ತೂಗುತ್ತದೆ. ಹೆಚ್ಚುಕಮ್ಮಿ ಒಂದು ದೊಡ್ಡ ಟಿಪ್ಪರ್ ಲೋಡ್. ಆ ಒಂದು ಕಿಲೋಮೀಟರ್ ಜಿಎಸ್‌ಬಿಗೆ ಬೇಕಾಗುವುದು ಸಾವಿರದ ನೂರು ಟನ್ ಮೇಲೆ. ಅಂದರೆ ಅರವತ್ತೈದು, ಎಪ್ಪತ್ತು ಮನೆ ಸ್ಲ್ಯಾಬು. ನಿಮ್ಮ ಊರಿನಲ್ಲಿ ರಸ್ತೆ ಅಗಲಕ್ಕೆ ಎಷ್ಟು ಮನೆ ಒಡೆದರು, ಎಣಿಸಿ ನೋಡಿ.

ಡಾಂಬರಿನಲ್ಲಿ ಶಾಪವಾಗುವ ಗಾರೆ ಅಡಿಯ ಪದರದಲ್ಲಿ ಉಪಕಾರಕ್ಕೂ ಬರುತ್ತದೆ. ಪುಡಿಯಲ್ಲಿ ಇನ್ನೂ ಕೆಲಸ ಮಾಡದ ಸಿಮೆಂಟ್ ಉಳಿದಿರುತ್ತದೆ. ನೀರು ಹಾಕಿ ರೋಲರ್ ಓಡಿಸಿದರೆ ದಿನ ಕಳೆದಂತೆ ಸ್ವಲ್ಪ ಗಟ್ಟಿಯಾಗುತ್ತಾ ಹೋಗುತ್ತದೆ. ಆದರೆ ನೀರು ಮಾಮೂಲಿಗಿಂತ ಜಾಸ್ತಿ ಬೇಕು. ರೋಲರ್ ವೈಬ್ರೇಷನ್ ಅತಿಯಾದರೆ ಗಾರೆ ಪುಡಿಯಾಗಿ ಪದರದಲ್ಲಿ ನೀರು ಇಂಗಲು ದಾರಿ ಇರಲ್ಲ. ಡ್ರೈವರ್‌ಗೆ ಮೊದಲೇ ಹೇಳಿಡಬೇಕು.

ಬೈಕ್ ಪಯಣ, ಗುಡಿಬಂಡೆ

ಹೈವೇಯಲ್ಲಿ ಒಂದು ಮೆಷಿನ್ ರಸ್ತೆಯನ್ನೇ ಕೆರೆದು ಟಿಪ್ಪರ್‌ಗೆ ತುಂಬುತ್ತಿತ್ತು. ಅದೂ ಇದೇನಾ?

ಲ್ಯಾಬ್ ಬೆಂಚು, ಬಾಗೇಪಲ್ಲಿ

ಅಲ್ಲ. ಅದು ಹಳೆ ಡಾಂಬರು. ಮತ್ತೆ ಕಾಯಿಸಿ ಹೊಸ ಡಾಂಬರಿಗೇ ಬೆರೆಸಬಹುದು, ಅದರೊಳಗಿನ ಡಾಂಬರೂ ಸ್ವಲ್ಪ ಕೆಲಸಕ್ಕೆ ಬರುತ್ತದೆ. ಅದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 120 ಅಂತ 2015ರದ್ದೇ ಬೇರೆ ಪುಸ್ತಕ ಇದೆ. ಕಟ್ಟಡ ತ್ಯಾಜ್ಯವನ್ನು ರಸ್ತೆಗೆ ಬಳಸಲು 2017ರ ಐಆರ್‌ಸಿ 121. ಎರಡನ್ನೂ ಕಲಸಬಾರದು.

ಕೆಂಪುನೆಲ, ಚಿಕ್ಕಬಳ್ಳಾಪುರ

ಲ್ಯಾಬ್ ಬೆಂಚು ಅವರೇ, ಮಾಡಿದೆ. ಮಗಳು ಪುಸ್ತಕದಲ್ಲಿ ಬರೆದುಕೊಂಡಳು. ಮನೆ ಹತ್ತಿರದ ದಿನಸಿ ಅಂಗಡಿ ತಕ್ಕಡಿ.

ಕ್ರಷರ್ ಜಲ್ಲಿ: 1000 ಗ್ರಾಂ ಇದ್ದದ್ದು 1006.
ನಮ್ಮ ಸ್ಲ್ಯಾಬಿನ ಕಾಂಕ್ರೀಟ್: 1000 ಇದ್ದದ್ದು 1058.

ನೆನೆಸಿದ ತಕ್ಷಣ ಕಾಂಕ್ರೀಟ್ ಬಕೆಟ್‌ನಲ್ಲಿ ಗುಳ್ಳೆ ಏಳುತ್ತಿತ್ತು, ಸುಮಾರು ಹೊತ್ತು. ಜಲ್ಲಿ ಬಕೆಟ್ ಸುಮ್ನೆ ಇತ್ತು. ಮಾರನೇ ದಿನ ಕಾಂಕ್ರೀಟ್ ನೀರು ಕೈಗೆ ಸ್ವಲ್ಪ ಜಾರುತ್ತಿತ್ತು, ಸುಣ್ಣದ ನೀರಿನ ಹಾಗೆ. ತಳದಲ್ಲಿ ಬೂದು ಬಣ್ಣದ ಕೆಸರು.

ಲ್ಯಾಬ್ ಬೆಂಚು, ಬಾಗೇಪಲ್ಲಿ

ತುಂಬಾ ಚೆನ್ನಾಗಿ ಮಾಡಿದ್ದೀರಿ. ಮಗಳಿಗೆ ನನ್ನ ಕಡೆಯಿಂದ ಹೇಳಿ. ಆ ಗುಳ್ಳೆ ಅಂದರೆ ಗಾರೆಯೊಳಗಿನ ಗಾಳಿ ಹೊರಗೆ ಬಂದು ನೀರು ಒಳಗೆ ಹೋದದ್ದು. ಡಾಂಬರೂ ಅದೇ ತೂತುಗಳಿಗೆ ಇಳಿಯುತ್ತದೆ.

ಜಲ್ಲಿ ಕುಡಿದದ್ದು 0.6 ಪರ್ಸೆಂಟ್. ಕಾಂಕ್ರೀಟ್ 5.8 ಪರ್ಸೆಂಟ್. ಡಾಂಬರು ಮಿಕ್ಸ್‌ಗೆ ಹಾಕುವ ದಪ್ಪ ಜಲ್ಲಿ 2 ಪರ್ಸೆಂಟ್‌ಗಿಂತ ಜಾಸ್ತಿ ನೀರು ಕುಡಿಯಬಾರದು ಅಂತ ಕೇಂದ್ರ ಹೆದ್ದಾರಿ ಸಚಿವಾಲಯದ ನಿಯಮ. ಹಾಗಾಗಿ ನಿಮ್ಮ ಸ್ಲ್ಯಾಬು ಒಂದೇ ಆದರೆ ಫೇಲ್. 20 ಪಾಲು ಕಾಂಕ್ರೀಟ್, 80 ಪಾಲು ಗ್ರಾನೈಟ್ ಬೆರೆಸಿದರೆ ಸರಾಸರಿ 1.64. ಕಾಗದದಲ್ಲಿ ಪಾಸ್.

ಕಾಗದದಲ್ಲಿ ಅಂತ ಯಾಕೆ ಅಂದೆ? ಡಾಂಬರಿಗೆ ಸರಾಸರಿ ಗೊತ್ತಿಲ್ಲ. ಗಾರೆ ಅಂಟಿದ ಕಲ್ಲಿನ ಹತ್ತಿರ ಡಾಂಬರು ಕಮ್ಮಿಯಾಗುತ್ತದೆ, ಲಾರಿ ಚಕ್ರ ಮೊದಲು ಅಲ್ಲೇ ಕೀಳುತ್ತದೆ. ಗಾರೆಗೂ ಡಾಂಬರಿಗೂ ಜಗಳ ಇಲ್ಲ. ಸುಣ್ಣದಂಶ ಇರುವುದರಿಂದ ಚೆನ್ನಾಗಿಯೇ ಹಿಡಿಯುತ್ತದೆ. ನಮ್ಮ ಗ್ರಾನೈಟೇ ನೀರು ಬಿದ್ದರೆ ಡಾಂಬರು ಬಿಡುವ ಕಲ್ಲು, ಅದಕ್ಕೇ ಕೆಲವು ಕಡೆ ಸುಣ್ಣದ ಪುಡಿ ಬೆರೆಸುತ್ತಾರೆ. ತೊಂದರೆ ಏನೆಂದರೆ, ಡಾಂಬರು ಹಿಡಿದುಕೊಂಡ ಗಾರೆಯೇ ಕಲ್ಲಿನಿಂದ ಕಳಚಿ ಬರುತ್ತದೆ.

ಲಾಸ್ ಏಂಜಲೀಸ್ ಟೆಸ್ಟ್ ಅಂತ ಒಂದಿದೆ. ಡ್ರಮ್ಮಿನಲ್ಲಿ ಜಲ್ಲಿ ಜತೆ ಕಬ್ಬಿಣದ ಗುಂಡು ಹಾಕಿ ತಿರುಗಿಸುತ್ತೇವೆ. ಎಷ್ಟು ಪುಡಿಯಾಯಿತು ಅಂತ ನೋಡುವುದು. ಮೇಲಿನ ಬಿಸಿ ಪದರಕ್ಕೆ 30 ಪರ್ಸೆಂಟ್ ಮೀರಬಾರದು, ಅದರ ಕೆಳಗಿನ ದಪ್ಪ ಡಾಂಬರು ಪದರಕ್ಕೆ (ಡಿಬಿಎಂ) 35, ವೆಟ್ ಮಿಕ್ಸ್‌ಗೆ 40. ಕಾಂಕ್ರೀಟ್ ಜಲ್ಲಿ ಹಲವು ಸಲ 30 ದಾಟಿ 40ರ ಹತ್ತಿರ ನಿಲ್ಲುತ್ತದೆ. ಯಾವ ಪದರಕ್ಕೆ ಅದು ಹೊಂದುತ್ತದೆ ಅಂತ ಡ್ರಮ್ಮೇ ಹೇಳಿಬಿಡುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ: ಮೊದಲು ಜಿಎಸ್‌ಬಿಗೆ. ಆಮೇಲೆ, ಪರೀಕ್ಷೆ ಪಾಸಾದರೆ, ವೆಟ್ ಮಿಕ್ಸ್‌ಗೆ. ಡಿಬಿಎಂನಲ್ಲಿ 10 ಅಥವಾ 20 ಪಾಲು, ಅದೂ ಮಿಕ್ಸ್ ಎಷ್ಟು ಭಾರ ತಡೆಯುತ್ತದೆ ಅಂತ ನೋಡುವ ಮಾರ್ಷಲ್ ಪರೀಕ್ಷೆ ಮಾಡಿ, ನೀರಲ್ಲಿ ನೆನೆದ ಮೇಲೆ ಶಕ್ತಿ 80 ಪರ್ಸೆಂಟ್ ಉಳಿಯುತ್ತದೆ ಅಂತ ಖಾತ್ರಿ ಮಾಡಿಕೊಂಡ ಮೇಲೆ. ಚಕ್ರ ತಾಗುವ ಪದರಕ್ಕೆ ನಾನು ಸಹಿ ಹಾಕುವುದಿಲ್ಲ.

ಇದನ್ನು ಮಾಡುವವರು ಲ್ಯಾಬಿನಲ್ಲಿ ಒಂದು ಎಚ್ಚರ ವಹಿಸಿ. ಬಿಸಿ ಮಿಕ್ಸನ್ನು ತಕ್ಷಣ ಅಚ್ಚಿಗೆ ಹಾಕಬೇಡಿ. ಕೆಲವು ಗಂಟೆ ಓವನ್‌ನಲ್ಲಿ ಬಿಡಿ. ಗಾರೆ ಕುಡಿಯುವಷ್ಟು ಕುಡಿಯಲಿ, ಆಮೇಲೆ ಅಳೆಯಿರಿ. ಇಲ್ಲದಿದ್ದರೆ ಲ್ಯಾಬಿನಲ್ಲಿ ಸರಿ ಕಂಡ ಡಾಂಬರು ಟಿಪ್ಪರ್ ಸೈಟಿಗೆ ಬರುವಷ್ಟರಲ್ಲಿ ಸಾಲದಾಗುತ್ತದೆ.

ಪಂಚಾಯಿತಿ ಮೆಂಬರ್, ಗುಡಿಬಂಡೆ ತಾಲ್ಲೂಕು

ಕೆಂಪುನೆಲ ಅವರು ಸುಣ್ಣದ ನೀರು ಅಂದದ್ದು ನೋಡಿ ಕೇಳುತ್ತಿದ್ದೇನೆ. ನಮ್ಮ ಊರ ರಸ್ತೆ ಕೆರೆ ಏರಿ ಪಕ್ಕ ಹೋಗುತ್ತದೆ. ಬೋರ್‌ವೆಲ್ ಕೂಡ ರಸ್ತೆ ಪಕ್ಕದಲ್ಲೇ. ಅಡಿಗೆ ಕಾಂಕ್ರೀಟ್ ಹಾಕಿದರೆ ನೀರು ಕೆಡಲ್ವಾ?

ರೋಲರ್ ಪಕ್ಕ, ಗೌರಿಬಿದನೂರು

ಒಳ್ಳೆ ಪ್ರಶ್ನೆ ಸರ್. ಕೆಡಬಹುದು. ಹೊಸದಾಗಿ ಒಡೆದ ಕಾಂಕ್ರೀಟ್ ಮೂಲಕ ಇಳಿದ ನೀರಿಗೆ ಕ್ಷಾರ ಜಾಸ್ತಿ ಇರುತ್ತದೆ. ಆ ಸುಣ್ಣ ಗಾಳಿ ತಾಗಿ ಮೋರಿ ತೂತುಗಳಲ್ಲಿ ಬೆಳ್ಳಗೆ ಗಟ್ಟಿಯಾಗುವುದೂ ಉಂಟು, ಆಗ ನೀರು ಹೊರಗೆ ಹೋಗಲ್ಲ. ಕೆರೆ ಅಂಚು, ಬಾವಿ, ಬೋರ್‌ವೆಲ್ ಪಕ್ಕ, ನೀರು ನಿಲ್ಲುವ ತಗ್ಗು, ಇಷ್ಟು ಕಡೆ ಬೇಡ. ಅಲ್ಲಿಗೆ ಕಲ್ಲು ಜಲ್ಲಿಯನ್ನೇ ಹಾಕಿ. ಉಳಿದ ಉದ್ದಕ್ಕೆ ಕಾಂಕ್ರೀಟ್. ಹಾಕುವ ಮುಂಚೆ ತೊಳೆದು, ಸ್ವಲ್ಪ ದಿನ ಬಯಲಲ್ಲಿ ಬಿಟ್ಟರೆ ಕ್ಷಾರ ಕಮ್ಮಿಯಾಗುತ್ತದೆ. ತೊಳೆದ ನೀರನ್ನೂ ಕೆರೆಗೆ ಬಿಡಬೇಡಿ.

ಯೋಚನೆ ಮಾಡಿ, ಅದೇ ಕಾಂಕ್ರೀಟನ್ನು ಈಗ ನೇರವಾಗಿ ಕೆರೆಗೇ ಸುರಿಯುತ್ತಿದ್ದೇವೆ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೆರೆಗಳಿಗೆ ಬಿಡುವ ಎಚ್ಎನ್ ವ್ಯಾಲಿ ಯೋಜನೆಯ ನೀರು ಬಂದು ಇಷ್ಟು ವರ್ಷದ ಮೇಲೆ ನಮ್ಮ ಜಿಲ್ಲೆಯ ಕೆರೆಗಳಲ್ಲಿ ನೀರು ಕಾಣುತ್ತಿದೆ. ಅದರ ಅಂಚನ್ನೇ ಮುಚ್ಚುತ್ತಾ ಬಂದರೆ ಹೇಗೆ?

ಪಂಚಾಯಿತಿ ಮೆಂಬರ್, ಗುಡಿಬಂಡೆ ತಾಲ್ಲೂಕು

ಸರಿ. ಇದನ್ನು ಎಸ್ಟಿಮೇಟ್‌ನಲ್ಲಿ ಸೇರಿಸಿ ಅಂದರೆ 'ರೂಲ್ಸ್ ಇಲ್ಲ' ಅಂತಾರೆ. ಏನು ತೋರಿಸಲಿ?

ಲ್ಯಾಬ್ ಬೆಂಚು, ಬಾಗೇಪಲ್ಲಿ

ರೂಲ್ಸ್ ಇದೆ ಸರ್. 2016ರ ಕಟ್ಟಡ ತ್ಯಾಜ್ಯ ನಿಯಮಗಳಲ್ಲಿ ಸರ್ಕಾರಿ, ನಗರಸಭೆ ಕಾಮಗಾರಿಗಳಲ್ಲಿ 10ರಿಂದ 20 ಪರ್ಸೆಂಟ್ ಇಂಥ ಮಾಲು ಬಳಸುವ ಮಾತು ಬಂದಿತ್ತು, ಗುಣಮಟ್ಟ ನೋಡಿಕೊಂಡು. 2026ರ ಏಪ್ರಿಲ್‌ನಿಂದ ಅವುಗಳ ಜಾಗಕ್ಕೆ 2025ರ ಹೊಸ ನಿಯಮಗಳು ಬಂದಿವೆ. ಹಳೆಯದರಲ್ಲಿ, ದಿನಕ್ಕೆ 20 ಟನ್ ಅಥವಾ ತಿಂಗಳಿಗೆ 300 ಟನ್‌ಗಿಂತ ಜಾಸ್ತಿ ತ್ಯಾಜ್ಯ ಬರುವ ಕೆಲಸ ಆದರೆ ಕಾಂಕ್ರೀಟ್ ಬೇರೆ, ಮಣ್ಣು ಬೇರೆ, ಕಬ್ಬಿಣ-ಮರ-ಪ್ಲಾಸ್ಟಿಕ್ ಬೇರೆ, ಇಟ್ಟಿಗೆ-ಗಾರೆ ಬೇರೆ ಮಾಡಬೇಕು ಅಂತಲೂ ಇತ್ತು. ಕಾಂಕ್ರೀಟಿಗೆ ಹಾಕುವ ಜಲ್ಲಿ, ಮರಳಿನ ಭಾರತೀಯ ಮಾನಕ ಐಎಸ್ 383 ಕೂಡ 2016ರಲ್ಲಿ ತಿದ್ದುಪಡಿಯಾದಾಗ ಒಡೆದ ಕಾಂಕ್ರೀಟಿನ ಜಲ್ಲಿಗೆ ಜಾಗ ಕೊಟ್ಟಿದೆ. ಇವುಗಳ ಜತೆ ಐಆರ್‌ಸಿ 121 ಪ್ರತಿ ಹಿಡಿದುಕೊಂಡು ಹೋಗಿ. ದೆಹಲಿಯ ಬುರಾರಿಯಲ್ಲಿ 2009ರಿಂದಲೇ ಇಂಥ ಘಟಕ ನಡೆಯುತ್ತಿದೆ, ಇದು ಹೊಸ ಪ್ರಯೋಗವೇನಲ್ಲ.

ಲೇಔಟ್ ನಿವಾಸಿ, ಚಿಕ್ಕಬಳ್ಳಾಪುರ

ಎಲ್ಲ ಓದಿದೆ. ಒಂದು ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಕಾಂಕ್ರೀಟ್ ಬೇರೆ ಕಸ ಬೇರೆ ಅಂತ ಒಪ್ಪಿದೆ. ಆದರೆ ಭಯ ಹೋಗಿಲ್ಲ. ಲೋಡ್ ಬಂದು ಸುರಿದಾಗ ಅದರಲ್ಲಿ ಏನಿದೆ ಅಂತ ನೋಡುವವರು ಯಾರು? ನಮ್ಮ ರಸ್ತೆಗೆ ರಾತ್ರಿ ಹನ್ನೊಂದಕ್ಕೆ ಲೋಡ್ ಬರುತ್ತಿತ್ತು.

ರೋಲರ್ ಪಕ್ಕ, ಗೌರಿಬಿದನೂರು

ನೀವೇ ನೋಡಬೇಕು. ಲೋಡ್ ಹಗಲಲ್ಲಿ ಬರಲಿ ಅಂತ ಬರೆದು ಕೊಡಿ. ಒಂದು ಬಾಣಲಿ ತುಂಬಿ ಕೆಳಗೆ ಸುರಿದು ಕೈಯಲ್ಲಿ ಆರಿಸಿ. ಕೆಂಪಗೆ ಕಂಡದ್ದು ಇಟ್ಟಿಗೆ, ಬೆಳ್ಳಗೆ ಉಗುರಿಗೆ ಪುಡಿಯಾಗುವುದು ಪಿಒಪಿ. ಒಂದು ಹಿಡಿಗಿಂತ ಜಾಸ್ತಿ ಸಿಕ್ಕರೆ ಫೋಟೋ ತೆಗೆದು ಲೋಡ್ ವಾಪಸ್ ಕಳಿಸಲು ಹೇಳಿ. ಇದಕ್ಕೆ ಇಂಜಿನಿಯರೇ ಆಗಬೇಕಾಗಿಲ್ಲ.

ನಿಜವಾಗಿ ಬೇರೆ ಮಾಡಬೇಕಾದದ್ದು ಮನೆ ಒಡೆಯುವ ದಿನವೇ. ಜೆಸಿಬಿ ಗೋಡೆ, ಸ್ಲ್ಯಾಬು ಎಲ್ಲ ಒಟ್ಟಿಗೆ ಎಳೆದು ಕಲಸಿದ ಮೇಲೆ ಯಾವ ಮೆಷಿನ್ ತಂದರೂ ಕಷ್ಟ.

ಕೆಂಪುನೆಲ, ಚಿಕ್ಕಬಳ್ಳಾಪುರ

ಈ ಕೊನೆಯ ಮಾತು ಓದಿ ಸಂಜೆ ಎದುರು ಮನೆಯವರ ಹತ್ತಿರ ಹೋಗಿದ್ದೆ. ಅವರದ್ದು ಶುಕ್ರವಾರ ಒಡೆಯುತ್ತಾರೆ. ಒಡೆಯುವ ಮೇಸ್ತ್ರಿಯೂ ಅಲ್ಲೇ ಇದ್ದರು. ಮೊದಲು ಬಾಗಿಲು, ಕಿಟಕಿ, ಟೈಲ್ಸ್ ತೆಗೆದು, ಆಮೇಲೆ ಸ್ಲ್ಯಾಬು ಇಳಿಸಿ ಬೇರೆ ಲೋಡ್ ಮಾಡಿ, ಕೊನೆಗೆ ಗೋಡೆ ಮುಟ್ಟಲು ಆಗುತ್ತಾ ಅಂತ ಕೇಳಿದೆ. ಅರ್ಧ ದಿನ ಜಾಸ್ತಿ ಹಿಡಿಯುತ್ತೆ ಅಂದರು. ಆ ಅರ್ಧ ದಿನದ ಜೆಸಿಬಿ ಬಾಡಿಗೆ ನಾವು ಆರು ಮನೆಯವರು ಹಂಚಿಕೊಳ್ಳುತ್ತೇವೆ ಅಂದಿದ್ದೇವೆ. ಒಪ್ಪಿದ್ದಾರೆ.

ಆರು ಮನೆ ಅಂದರೆ ಅರ್ಧರ್ಧ ಸ್ಲ್ಯಾಬು, ಮೂರು ನಾಲ್ಕು ಲೋಡ್ ಆಗಬಹುದು. ಕ್ರಷ್ ಮಾಡುವವರು ಸಿಗುವ ತನಕ ಇಡಲು ಜಾಗ ಬೇಕು. ಕೆರೆಯಿಂದ ದೂರ ಇರಬೇಕು, ಟಿಪ್ಪರ್ ತಿರುಗಬೇಕು. ಯಾರಿಗಾದರೂ ಗೊತ್ತಾ?

ಹಿಪ್ಪುನೇರಳೆ ತೋಟ, ಶಿಡ್ಲಘಟ್ಟ

ನಮ್ಮ ತೋಟದ ರಸ್ತೆ ಪಕ್ಕ ಹತ್ತು ಗುಂಟೆ ಬೀಳು ಇದೆ, ಬಂಡೆ ನೆಲ, ಏನೂ ಬೆಳೆಯಲ್ಲ. ಬಾವಿ ಆ ಕಡೆ ಇಲ್ಲ. ಶುಕ್ರವಾರ ಮಧ್ಯಾಹ್ನದ ಮೇಲೆ ನಾನು ಮನೆಯಲ್ಲೇ ಇರುತ್ತೇನೆ. ಟಾರ್ಪಾಲ್ ಮಾತ್ರ ನೀವು ತನ್ನಿ, ಸೊಪ್ಪಿನ ಮೇಲೆ ಧೂಳು ಬರಬಾರದು.